ಕಲ್ಲಾದ ಹುಡುಗರು ಮತ್ತು ಗಾಣಿಗರ ತಿಪ್ಪೇಶ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗಂಡುಹುಡುಗರಿಗೆಂದೇ ಒಂದು ದೊಡ್ಡ ಗುರುಕುಲ. ಓದಿಗೆ ಓದು, ಗರಡಿಗೆ ಗರಡಿ, ಊಟಕ್ಕಂತೂ ಕೊರತೆಯೇ ಇಲ್ಲ. ದಿನಾ ಬೆಳಿಗ್ಗೆ ಹುಡುಗರೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲುವರು. ಗುರು ವಿರೂಪಾಕ್ಷಯ್ಯನವರು "ಹೇಗಿದ್ದೀರಿ?" ಎಂದು ಕೇಳುವರು. ನೂರು ಗಂಟಲು ಒಂದಾಗಿ "ಚೆನ್ನಾಗಿದ್ದೇವೆ" ಎನ್ನುವವು. ಆ ಸದ್ದು ಅರಮನೆಯವರೆಗೂ ಕೇಳುತ್ತಿತ್ತು. ರಾಜರು ಮೀಸೆ ತಿರುವಿಕೊಳ್ಳುತ್ತಿದ್ದರು. ಬೇರೆ ಉತ್ತರ ಕೊಟ್ಟ ಹುಡುಗ ಆ ಗುರುಕುಲದಲ್ಲಿ ಒಬ್ಬನೂ ಇರಲಿಲ್ಲ. ಅದೇ ಅವರ ಹೆಮ್ಮೆ.

ಎಡವಟ್ಟಾದದ್ದೂ ಅಲ್ಲೇ. ಗುರುಕುಲದ ಹಿಂದಿನ ಗುಡ್ಡದಲ್ಲಿ ನುಂಗಯ್ಯನೆಂಬ ಮಾಂತ್ರಿಕನಿದ್ದ. ಯಾರೇ ಆಗಲಿ, ಹೇಳಬೇಕಾದ ಮಾತನ್ನು ನುಂಗಿಕೊಂಡರೆ ಅದು ಹೋಗಿ ಅವನ ಮಡಕೆಗೆ ಬೀಳುತ್ತಿತ್ತು. ಅದನ್ನೇ ಕುಡಿದು ಅವನು ಕೊಬ್ಬುತ್ತಿದ್ದ. ಮಾತು ನುಂಗಿದ ಹುಡುಗನೋ, ಕಾಲಿನ ಬೆರಳಿನಿಂದ ಶುರುವಾಗಿ ಮೇಲಮೇಲಕ್ಕೆ ಕಲ್ಲಾಗುತ್ತಾ ಬರುತ್ತಿದ್ದ. ಹುಡುಗರು ಏನು ಮಾಡುತ್ತಿದ್ದರು ಗೊತ್ತೇ? ಪಂಚೆ ಇಳಿಬಿಟ್ಟು ಮುಚ್ಚಿಕೊಳ್ಳುತ್ತಿದ್ದರು. ಪೂರ್ತಿ ಕಲ್ಲಾದವನನ್ನು ಗುರುಗಳು ನೋಡಿ, "ಆಹಾ, ಏನು ಸ್ಥಿರಚಿತ್ತ, ಅಲುಗಾಡುವುದೇ ಇಲ್ಲ" ಎಂದು ಹಾರ ಹಾಕಿ ಜಗಲಿಯಲ್ಲಿ ನಿಲ್ಲಿಸುತ್ತಿದ್ದರು. ಅಷ್ಟೆಲ್ಲ ಓದಿದವರು, ಮುಟ್ಟಿ ನೋಡಬಾರದಿತ್ತೇ? ಹೀಗೆ ಜಗಲಿಯಲ್ಲಿ ಹನ್ನೊಂದು ಮಂದಿ ಆಗಿದ್ದರು.

ಆ ಗುರುಕುಲದಲ್ಲಿ ತಿಪ್ಪೇಶ ಎಂಬ ಹದಿನೇಳು ವರ್ಷದ ಹುಡುಗ ಓದುತ್ತಿದ್ದ. ಗಾಣದಲ್ಲಿ ಎಣ್ಣೆ ತೆಗೆಯುವವರ ಮನೆಯವನು. ಶನಿವಾರ ಶನಿವಾರ ಚಿಕ್ಕವರ ತಲೆಗೆ ಎಣ್ಣೆ ತಟ್ಟಿ ಸ್ನಾನ ಮಾಡಿಸುವುದು ಅವನ ಪಾಲಿನ ಕೆಲಸ. ಅವನ ಕೈ ನೆತ್ತಿಗೆ ಬಿದ್ದರೆ ಎಂಥ ಬಿಗುಮಾನದವನ ಕಣ್ಣೂ ಅರ್ಧ ಮುಚ್ಚುತ್ತಿತ್ತು, ಬಾಯಿ ತಾನಾಗಿ ಬಿಚ್ಚುತ್ತಿತ್ತು. ಒಂದು ಶನಿವಾರ ಹತ್ತು ವರ್ಷದ ರಾಜಕುಮಾರ ಅರಿಂಜಯನಿಗೆ ಎಣ್ಣೆ ಹಚ್ಚುತ್ತಾ ತಿಪ್ಪೇಶ ಮೊಣಕಾಲಿಗೆ ಬಂದ. ಕೈಗೆ ತಣ್ಣನೆಯ ಕಲ್ಲು ಸಿಕ್ಕಿತು.

"ಇದೇನೋ ಮರಿ?"

"ಏನಿಲ್ಲ ತಿಪ್ಪೇಶಣ್ಣ, ಚೆನ್ನಾಗಿದ್ದೇನೆ."

ಅಷ್ಟು ಹೇಳಿದ್ದೇ ತಡ, ಕಲ್ಲು ಸೊಂಟಕ್ಕೇರಿತು. ತಿಪ್ಪೇಶ ಬೈಯಲಿಲ್ಲ, ನೆತ್ತಿ ತಟ್ಟುತ್ತಾ ಕೂತ. ಸ್ವಲ್ಪ ಹೊತ್ತಾದ ಮೇಲೆ ಹುಡುಗ ಮೆಲ್ಲಗೆ ಹೇಳಿದ: "ನನಗೆ ಕುದುರೆ ಕಂಡರೆ ಭಯ ಅಣ್ಣ. ಅಪ್ಪಾಜಿಗೆ ಗೊತ್ತಾದರೆ ನಾನು ಅವರ ಮಗನೇ ಅಲ್ಲ ಅಂತಾರೆ."

ಕಲ್ಲು ಅಲ್ಲಿಗೇ ನಿಂತಿತು. ಆದರೆ ಕೆಳಗಿಳಿಯಲಿಲ್ಲ. ಹಿಂದೆ ನುಂಗಿದ ಮಾತೆಲ್ಲ ಗುಡ್ಡದ ಮೇಲಿನ ಮಡಕೆಯಲ್ಲಿತ್ತಲ್ಲ. ಆ ಮಡಕೆಯ ಸುದ್ದಿ ಅಡುಗೆಮನೆಯವರಿಗೆಲ್ಲ ಗೊತ್ತಿತ್ತು. ಗುರುಗಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸೂರ್ಯ ಮುಳುಗುವುದರೊಳಗೆ ಮಡಕೆ ಒಡೆಯದಿದ್ದರೆ ನಿಂತ ಕಲ್ಲು ಮತ್ತೆ ಏರಿ ಹುಡುಗ ಜಗಲಿ ಸೇರುವುದೇ ಸೈ ಎಂದು ಅಡುಗೆಯವರು ಹೇಳಿದರು.

"ಇಲ್ಲೇ ಕೂತಿರು ಮರಿ. ಅದನ್ನು ಒಡೆದೇ ಬರುತ್ತೇನೆ" ಎಂದು ತಿಪ್ಪೇಶ ಎಣ್ಣೆಯ ಗಿಂಡಿ ಹಿಡಿದು ಗುಡ್ಡ ಹತ್ತಿದ.

ಮೊದಲ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಕರಡಿ. ಉಗುರೆಲ್ಲ ಕಬ್ಬಿಣ. "ಕತ್ತಿ ಎಲ್ಲೋ?" ಎಂದು ಗುಡುಗಿತು.

"ಕತ್ತಿ ತಂದಿಲ್ಲ, ಎಣ್ಣೆ ತಂದಿದ್ದೇನೆ. ತಲೆ ಬಗ್ಗಿಸು."

ಇಂಥ ಮಾತನ್ನು ಕರಡಿ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ತಬ್ಬಿಬ್ಬಾಗಿ ತಲೆ ಬಗ್ಗಿಸಿತು. ತಿಪ್ಪೇಶ ತಟ್ಟಿದ, ತಿಕ್ಕಿದ, ಕಿವಿಯ ಹಿಂದೆ ನೀವಿದ. "ಮುನ್ನೂರು ವರ್ಷದಿಂದ ಹೊಡೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಯಾರೂ ಮುಟ್ಟಿಲ್ಲ ಕಣೋ" ಎಂದು ಕರಡಿ ಗೊಳೋ ಎಂದು ಅತ್ತು, ಅಲ್ಲೇ ಗೊರಕೆ ಹೊಡೆಯಿತು.

ಎರಡನೆಯ ಬಾಗಿಲಲ್ಲಿ ಒಂದು ಹೆಬ್ಬಾವು. ಮೈಗೆ ಮೈ ಸುತ್ತಿಕೊಂಡು ಏಳು ಗಂಟು ಬಿದ್ದಿತ್ತು. "ನನ್ನ ಕಷ್ಟ ಕೇಳು. ಗಂಟು ಬಿಚ್ಚಿದರೆ ದಾರಿ, ಇಲ್ಲದಿದ್ದರೆ ನೀನೇ ನನ್ನ ಊಟ" ಎಂದಿತು. ಹಾವು ಒಂದು ಮಾತು ಹೇಳಿತೋ ಇಲ್ಲವೋ, ತಿಪ್ಪೇಶ "ನೋಡು, ನೀನು ಹೀಗೆ ಮಾಡು" ಎಂದು ಬಾಯಿ ಹಾಕಿದ. ಗಂಟು ಎಂಟಾಯಿತು. "ಅಯ್ಯೋ, ಅದು ಹಾಗಲ್ಲ" ಎಂದ. ಒಂಬತ್ತಾಯಿತು. ತಿಪ್ಪೇಶನಿಗೆ ಬುದ್ಧಿ ಬಂತು. ನಾಲಗೆ ಕಚ್ಚಿಕೊಂಡು ಕೂತ. ಹಾವು ಹೇಳಿದ್ದೇ ಹೇಳಿದ್ದು, ಅವನು ಹೂಂಗುಟ್ಟಿದ್ದೇ ಹೂಂಗುಟ್ಟಿದ್ದು. ಹೊತ್ತು ಇಳಿಯುವ ವೇಳೆಗೆ ಒಂಬತ್ತೂ ಗಂಟು ಬಿಚ್ಚಿ ಹಾವು ನೆಟ್ಟಗೆ ಮಲಗಿತು.

ಮೂರನೆಯ ಬಾಗಿಲು ದಾಟಿದರೆ ನುಂಗಯ್ಯ. ಕಣಜದಂಥ ಹೊಟ್ಟೆ, ಪಕ್ಕದಲ್ಲಿ ತುಂಬಿದ ಮಡಕೆ. ತಿಪ್ಪೇಶ ಕಲ್ಲೆತ್ತಿ ಬೀಸಿದ; ಕಲ್ಲೇ ಪುಡಿಯಾಯಿತು, ಮಡಕೆ ಅಲುಗಲಿಲ್ಲ. ನುಂಗಯ್ಯ ನಕ್ಕು, ಬೆಲ್ಲದಂಥ ದನಿಯಲ್ಲಿ ಕೇಳಿದ: "ಊರಿನವರನ್ನೆಲ್ಲ ವಿಚಾರಿಸಿಕೊಂಡು ಬಂದೆಯಲ್ಲ. ನೀನು ಹೇಗಿದ್ದೀಯಪ್ಪಾ?"

"ನನಗೇನಾಗಿದೆ? ಚೆನ್ನಾಗಿದ್ದೇನೆ" ಎಂದುಬಿಟ್ಟ ತಿಪ್ಪೇಶ. ಆರು ವರ್ಷದ ಅಭ್ಯಾಸ ನೋಡಿ.

ಮಡಕೆಯೊಳಗೆ ಗುಳಕ್ ಎಂದು ಸದ್ದಾಯಿತು. ಹೋದ ವರ್ಷದಿಂದ ಅವನು ಪಂಚೆಯಡಿ ಮುಚ್ಚಿಟ್ಟುಕೊಂಡಿದ್ದ ಕಲ್ಲುಬೆರಳಿನಿಂದ ಮೇಲೇರಿ ಎರಡೂ ಕಾಲು ಕಲ್ಲಾದವು. ಹೊಟ್ಟೆ ಕಲ್ಲಾಯಿತು, ಎದೆಯೂ ತಣ್ಣಗಾಗತೊಡಗಿತು. ಕೆಳಗೆ ಎಣ್ಣೆಮಣೆಯ ಮೇಲೆ ಕಾಯುತ್ತ ಕೂತ ಮರಿ ಕಣ್ಣ ಮುಂದೆ ಬಂದ. ತಿಪ್ಪೇಶ ಬಾಯಿಬಿಟ್ಟು ಹೇಳಿದ:

"ಚೆನ್ನಾಗಿಲ್ಲ. ಹೋದ ವರ್ಷ ಅಪ್ಪಯ್ಯ ನನ್ನನ್ನು ನೋಡಲು ಬಂದಿದ್ದರು. ಮೈಯೆಲ್ಲ ಎಣ್ಣೆಜಿಡ್ಡು. ಜೊತೆಯವರು ಯಾರದು ಎಂದು ಕೇಳಿದರು. 'ಯಾರೋ ಎಣ್ಣೆ ಮಾರುವವನು' ಅಂದೆ. ಅಪ್ಪಯ್ಯ ತಂದಿದ್ದ ಬುತ್ತಿಯನ್ನು ಬಾಗಿಲಲ್ಲಿ ಇಟ್ಟು ಹೋದರು. ಅವತ್ತಿನಿಂದ ಒಂದು ದಿನವೂ ನಾನು ಚೆನ್ನಾಗಿಲ್ಲ."

ಹೇಳಿ ಬಿಕ್ಕಿಬಿಕ್ಕಿ ಅತ್ತ. ಮಡಕೆ ನೆತ್ತಿಯಿಂದ ತಳದವರೆಗೂ ಸೀಳಿಹೋಯಿತು. ನುಂಗಿದ ಮಾತೆಲ್ಲ ಹಕ್ಕಿಗಳಾಗಿ ಗುರುಕುಲದ ಕಡೆ ಹಾರಿದವು, ತಿಪ್ಪೇಶನ ಮೈಯ ಕಲ್ಲೂ ಕರಗಿತು. ನುಂಗಯ್ಯ ಇಳಿದ, ಇಳಿದ, ಒಣಗಿದ ನೆಲ್ಲಿಕಾಯಿಯಷ್ಟಾಗಿ ಬಂಡೆಯ ಬಿರುಕಿನಲ್ಲಿ ಬಿದ್ದು ಹೇಳಹೆಸರಿಲ್ಲದಂತಾದ.

ಕೆಳಗೆ ಜಗಲಿಯಲ್ಲಿ ಹನ್ನೊಂದು ಹುಡುಗರು ಹಾರ ಕಿತ್ತೆಸೆದು ಗಟ್ಟಿಯಾಗಿ ಅಳುತ್ತಿದ್ದರು. ಅರಿಂಜಯ ಅಂಗಳದ ತುಂಬ ಓಡಾಡುತ್ತಿದ್ದ. ಗುರುಗಳು ಕಂಬಕ್ಕೆ ಒರಗಿ ಕೂತು, "ನನಗೂ ಮಂಡಿ ಕಲ್ಲಾಗಿ ಮೂರು ವರ್ಷವಾಗಿತ್ತು ಕಣ್ರಪ್ಪಾ. ಸಂಧಿವಾತ ಅಂದುಕೊಂಡಿದ್ದೆ" ಎಂದು ಕಣ್ಣೊರೆಸಿಕೊಂಡರು. ಅಂದಿನಿಂದ ಅವರು ಒಬ್ಬೊಬ್ಬನನ್ನೇ ಕರೆದು ವಿಚಾರಿಸತೊಡಗಿದರು. ಮೊದಲ ದಿನ ಮಧ್ಯಾಹ್ನವಾದರೂ ಪಾಠ ಶುರುವಾಗಲಿಲ್ಲ. ರಾಜರು ಮಗನನ್ನು ಕಾಣಲು ಕುದುರೆ ಬಿಟ್ಟು ಪಲ್ಲಕ್ಕಿಯಲ್ಲಿ ಬಂದರು.

ತಿಪ್ಪೇಶ ಎರಡು ದಿನ ನಡೆದು ಊರಿಗೆ ಹೋದ. ಅಪ್ಪ ರಾಚಪ್ಪ ಗಾಣದ ಎತ್ತಿನ ಹಿಂದೆ ಸುತ್ತುತ್ತಿದ್ದ. ಮಗ ಎಲ್ಲವನ್ನೂ ಹೇಳಿ ತಲೆತಗ್ಗಿಸಿ ನಿಂತ.

"ಕೇಳಿಸಿತ್ತು ಮಗಾ" ಎಂದ ರಾಚಪ್ಪ. "ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದು ನಿನ್ನ ಅವ್ವನ ಹತ್ತಿರ, ಮಗ ಚೆನ್ನಾಗಿ ಮಾತಾಡಿಸಿದ ಅಂದೆ."

ಇಬ್ಬರೂ ಎತ್ತು ಬಿಚ್ಚಿ ಕಟ್ಟಿ, ಹೊಸ ಎಣ್ಣೆಯ ಕೊಡ ಹೊತ್ತು ಹೊರಟರು. ಗುರುಕುಲದ ಅಂಗಳದಲ್ಲಿ, ಎಲ್ಲ ಹುಡುಗರ ಮುಂದೆ, ತಿಪ್ಪೇಶ ಆ ಜಿಡ್ಡುಗೈ ಹಿಡಿದು ನಿಂತು ಹೇಳಿದ: "ಇವರು ನಮ್ಮಪ್ಪ."

ಆ ಶನಿವಾರ ಗುರುಗಳ ಬೋಳುತಲೆಯೂ ಸೇರಿ ಎಲ್ಲ ತಲೆಗಳೂ ರಾಚಪ್ಪನ ಎಣ್ಣೆಯಲ್ಲಿ ಮಿರಮಿರ ಮಿಂಚಿದವು. ಅಲ್ಲಿಂದಾಚೆ ಸಿರಿಗಲ್ಲಿನವರು ಅಳು ಬಂದಾಗ ಅತ್ತು, ನಗು ಬಂದಾಗ ನಕ್ಕು, ಹಸಿದಾಗ ಉಂಡು, ಬಹುಕಾಲ ಸುಖವಾಗಿ ಬಾಳಿದರು.