ರಸ್ತೆಯ ಸದ್ದು ನಿಂತ ಮೇಲೆ

ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಡಾ. ಸಿಂಚನಾ ಇಟಗಿ ಗುಂಡಿ ಒತ್ತಿದಳು.

ಹುಬ್ಬಳ್ಳಿಯ ಹೊರವಲಯದ ಎಂಟು ಸಾಲಿನ ರಸ್ತೆಯಲ್ಲಿ ಗಾಡಿಗಳು ಓಡುತ್ತಲೇ ಇದ್ದವು. ಲಾರಿಯ ಚಕ್ರ ತಿರುಗುವುದು ಕಾಣುತ್ತಿತ್ತು, ಬಸ್ಸೊಂದು ಎಡಕ್ಕೆ ಸರಿದದ್ದು ಕಾಣುತ್ತಿತ್ತು. ಆದರೆ ಪಕ್ಕದ ಹಳೇಕೆರೆ ಕಾಲನಿಯ ಅಂಗಳದಲ್ಲಿ ನಿಂತಿದ್ದವರಿಗೆ ಅವುಗಳ ಸದ್ದು ಇಲ್ಲವಾಗಿತ್ತು. ಒಬ್ಬರು ಕಿವಿಯೊಳಗೆ ನೀರು ಹೊಕ್ಕವರಂತೆ ತಲೆ ಕೊಡವಿದರು. ಇನ್ನೊಬ್ಬರು ತಮ್ಮ ಶ್ರವಣಯಂತ್ರ ಕೆಟ್ಟಿತೆಂದು ತೆಗೆದು ಊದಿದರು. ಆಗ ನೀರಿನ ಟಾಕಿಯ ಮೇಲಿನಿಂದ ಒಂದು ಸಿಳ್ಳು ಬಂತು, ಅದರ ಬೆನ್ನಿಗೇ ಇನ್ನೊಂದು. ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯೊಂದು ಬಾಲ ಎತ್ತಿ ಕುಳಿತು ಹಾಡುತ್ತಿತ್ತು.

"ಇದು ದಿನಾ ಇಲ್ಲೇ ಕುಂತು ಹಾಡ್ತಿತ್ತೇನ್ರಿ?" ಎಂದು ಕೇಳಿದಳು ಜರೀನಾ ಮುಲ್ಲಾ. ಎರಡನೇ ಮಹಡಿಯಲ್ಲಿ ಅವಳ ಮನೆ.

"ದಿನಾ ಹಾಡ್ತಿತ್ತು ಅಕ್ಕಾರ. ನಮಗ ತಲಪ್ತಿದ್ದಿಲ್ಲ," ಎಂದ ವಿನಾಯಕ ಗುಡಿಮನಿ. ಅವನು ಕಾಲನಿ ಸಂಘದ ಕಾರ್ಯದರ್ಶಿ, ಹಕ್ಕಿಗಳ ಹುಚ್ಚಿನವನು. ಈ ಪ್ರಯೋಗಕ್ಕೆ ತನ್ನ ಕಾಲನಿಯನ್ನೇ ಆರಿಸಬೇಕೆಂದು ಸಿಂಚನಾಳ ಸಂಸ್ಥೆಗೆ ಅಲೆದಾಡಿ ಒಪ್ಪಿಸಿದವನು ಅವನೇ.

ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆಯ ಉಬ್ಬಿನ ಮೇಲೆ ಸರಿಯಾಗಿ ಮತ್ತೊಂದು ಅಲೆಯ ತಗ್ಗು ಬಂದು ಕೂತರೆ ಎರಡೂ ಒಂದನ್ನೊಂದು ನುಂಗಿಕೊಂಡು ಗಾಳಿ ಸುಮ್ಮನಾಗುತ್ತದೆ. ಕಿವಿಗೆ ಹಾಕಿಕೊಳ್ಳುವ ಸಾಧನಗಳಲ್ಲಿ ಈ ಉಪಾಯ ಹಳೆಯದು. ಬಯಲಿನಲ್ಲಿ ಮಾತ್ರ ಅದು ಯಾರಿಗೂ ಕೈಗೂಡಿರಲಿಲ್ಲ; ಅಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ, ಬಿಸಿಲೇರಿದರೆ ಸದ್ದಿನ ವೇಗವೇ ಬೇರೆಯಾಗುತ್ತದೆ. ಸಿಂಚನಾ ರಸ್ತೆಯ ಅಂಚಿಗೆ ಕಟ್ಟಿಸಿದ್ದ ಪರದೆ ಮೀನಿನ ಬಲೆಯಂತಿತ್ತು. ಅದರ ಒಂದೊಂದು ಗಂಟಿನಲ್ಲೂ ರೂಪಾಯಿ ನಾಣ್ಯದಗಲದ ತೆಳುಪೊರೆ. ಪೊರೆಗಳು ರಸ್ತೆಯ ಸದ್ದನ್ನು ಕೇಳಿಸಿಕೊಂಡು, ಅದು ಮನೆಗಳನ್ನು ಮುಟ್ಟುವ ಮೊದಲೇ ಎದುರಲೆಯನ್ನು ಕಳಿಸುತ್ತಿದ್ದವು. ರಸ್ತೆಯ ಕಡೆಯಿಂದ ಬಂದದ್ದು ಮಾತ್ರ ಅಳಿಯುತ್ತಿತ್ತು. ಕಾಲನಿಯೊಳಗಿನ ಸದ್ದನ್ನು ಪರದೆ ಮುಟ್ಟುತ್ತಿರಲಿಲ್ಲ.

ಪೆಟ್ರೋಲು ಹೋಗಿ ಬ್ಯಾಟರಿ ಗಾಡಿಗಳು ಬಂದರೆ ಊರಿನ ಸದ್ದು ಅಡಗುತ್ತದೆಂದು ಹಿಂದಿನವರು ನಂಬಿದ್ದರು. ಹಾಗಾಗಲಿಲ್ಲ. ವೇಗವಾಗಿ ಓಡುವ ಗಾಡಿಯ ಗದ್ದಲದಲ್ಲಿ ಹೆಚ್ಚಿನದು ಟೈರಿನದು, ಗಾಡಿಗಳೋ ಮೂರು ಪಟ್ಟಾಗಿದ್ದವು. ಆ ಗುಂಯ್‌ಗುಡುವ ಕೆಳಸ್ಥಾಯಿಯ ಸದ್ದಿನಲ್ಲಿ ಮುಳುಗಬಾರದೆಂದು ಊರಿನ ಹಕ್ಕಿಗಳು ತಲೆಮಾರಿನಿಂದ ತಲೆಮಾರಿಗೆ ಸ್ವರ ಏರಿಸಿಕೊಂಡಿದ್ದವು. ಕಾಡಿನ ಮಡಿವಾಳ ಹಕ್ಕಿ ಕೊಳಲೂದಿದರೆ ಹುಬ್ಬಳ್ಳಿಯದು ಪೀಪಿ ಊದುತ್ತಿತ್ತು. ಸದ್ದು ಹೋದರೆ ಅದು ತನ್ನ ಹಳೆಯ ಸ್ವರಕ್ಕೆ ಇಳಿಯುತ್ತದೆಯೇ? ಸಿಂಚನಾ ತಿಳಿಯಬೇಕೆಂದಿದ್ದದ್ದು ಅಷ್ಟೇ.

ಇಳಿಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಟಾಕಿಯ ಮೇಲಿನ ಹಕ್ಕಿಯ ಹಾಡು ತಗ್ಗಿ, ಉದ್ದವಾಗಿ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವಂತಾಯಿತು. ಭಾನುವಾರ ಬೆಳಿಗ್ಗೆ ವಿನಾಯಕನ ಹಿಂದೆ ಅರ್ಧ ಕಾಲನಿ ದುರ್ಬೀನು ಹಿಡಿದು ನಡೆಯಿತು. ದಾಸವಾಳದ ಎಲೆ ಹೊಲಿದು ಗೂಡು ಮಾಡಿದ ಸಿಂಪಿಗ, ಗಟಾರದ ದಂಡೆಯಲ್ಲಿ ಮರಿಗಳನ್ನು ಸಾಲಾಗಿ ಕರೆದೊಯ್ಯುವ ಮುಂಗುಸಿ, ಪಾರ್ಕಿಂಗಿನ ಗೋಡೆಯ ಮೇಲೆ ತಲೆ ಆಡಿಸುವ ಓತಿಕ್ಯಾತ, ಎಲ್ಲವನ್ನೂ ಅವನು ತೋರಿಸಿದ. ಯಾರಾದರೂ ದನಿ ಏರಿಸಿದರೆ ತುಟಿಗೆ ಬೆರಳಿಡುತ್ತಿದ್ದ.

"ಮೆಲ್ಲಕ ಮಾತಾಡ್ರಿ. ಅವಕ್ಕ ಅಂಜಿಕಿ ಆಕ್ಕೈತಿ."

ಆದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಕಾಲನಿಯಲ್ಲಿ ಏನೋ ಒಂದು ತಳಮಳ ಹೊಕ್ಕಿತ್ತು. ಮೇಲಿನವರು ಕುರ್ಚಿ ಎಳೆದರೆ ಕೆಳಗಿನವರು ಬೆಚ್ಚುತ್ತಿದ್ದರು. ಯಾರ ಮಗ ಪರೀಕ್ಷೆಯಲ್ಲಿ ಫೇಲಾದ, ಯಾರ ಅತ್ತೆ ಸೊಸೆಯನ್ನು ಏನೆಂದು ಕರೆಯುತ್ತಾಳೆ, ಯಾರು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಾರೆ, ಎಲ್ಲ ಎಲ್ಲರಿಗೂ ಕೇಳಿಸತೊಡಗಿತು. ಎಷ್ಟೋ ವರ್ಷ ಆ ರಸ್ತೆಯ ಸದ್ದು ಮನೆಮನೆಗಳ ನಡುವೆ ದಪ್ಪ ಗೋಡೆಯಂತೆ ನಿಂತಿತ್ತು. ಈಗ ಅದು ಬಿದ್ದಿತ್ತು. ಲಿಫ್ಟಿನಲ್ಲಿ ಎದುರಾದವರು ಕಣ್ಣು ತಪ್ಪಿಸಿ ಗುಂಡಿಗಳನ್ನು ನೋಡುತ್ತಿದ್ದರು.

ಕಾಲನಿಯಲ್ಲೇ ಒಂದು ಕೋಣೆ ಹಿಡಿದು ಉಳಿದಿದ್ದ ಸಿಂಚನಾಳಿಗೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅವಳ ಉಪಕರಣಗಳು ಹಕ್ಕಿಗಳ ಜೊತೆಗೆ ಬೇಕಿಲ್ಲದ ಇನ್ನೊಂದನ್ನೂ ತೋರಿಸುತ್ತಿದ್ದವು. ಹಕ್ಕಿಗಳು ದನಿ ತಗ್ಗಿಸಿದ್ದವು. ಮನುಷ್ಯರು ತಗ್ಗಿಸಿರಲಿಲ್ಲ.

ಒಂದು ಸಂಜೆ ಬೇವಿನ ಮರದ ಪೊಟರೆಯಿಂದ ಹಾಲಕ್ಕಿ ಹೊರಬರುವುದನ್ನು ನೋಡಲು ಹತ್ತಾರು ಜನ ಅಂಗಳದಲ್ಲಿ ಸೇರಿದ್ದರು. ವಿನಾಯಕ ಇನ್ನೂ ಇಳಿದು ಬಂದಿರಲಿಲ್ಲ. ಸಿಂಚನಾ ಜರೀನಾಳ ಪಕ್ಕ ನಿಂತಿದ್ದಳು. ಪುಟ್ಟ ಗೂಬೆ ದುಂಡು ಮುಖ ಹೊರಗೆ ಹಾಕಿದ್ದಷ್ಟೇ, ಮೂರನೇ ಮಹಡಿಯಿಂದ ವಿನಾಯಕನ ದನಿ ಬಂತು.

"ಎಷ್ಟ ಸಲ ಹೇಳಬೇಕ ನಿನಗ? ತಲ್ಯಾಗ ಏನ ತುಂಬೇತಿ? ಬಾಯಿ ಸತ್ತೈತೇನ, ಮಾತಾಡು! ನಿಮ್ಮವ್ವನಂಗ ಗೋಡಿ ನೋಡಕೋತ ನಿಂದರಬ್ಯಾಡ!"

ಏನೋ ಬಿದ್ದು ಒಡೆಯಿತು. ವಿನಾಯಕನ ಮಗಳು ಇಂಚರಾಳಿಗೆ ಹದಿನಾಲ್ಕೋ ಹದಿನೈದೋ. ಅವಳ ಉತ್ತರ ಕೇಳಿಸಲಿಲ್ಲ. ಹೆಂಡತಿ ಪವಿತ್ರಾಳ "ಸಾಕ ಬಿಡ್ರಿ, ಸಾಕ" ಎಂಬ ಮಾತು ಕೇಳಿಸಿತು, ಅದರ ಮೇಲೆ ಮತ್ತೆ ಅದೇ ಗುಡುಗು. ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಹಾಲಕ್ಕಿ ಹಾರಿಹೋದದ್ದನ್ನು ಯಾರೂ ನೋಡಲಿಲ್ಲ.

ಬಾಲ್ಕನಿಯ ಬಾಗಿಲು ಧಡಾರನೆ ತೆರೆದು ವಿನಾಯಕ ಹೊರಗೆ ಬಂದ. ಕೆಳಗೆ ನೋಡಿದ. ಹತ್ತಾರು ಮುಖಗಳು ಅವನತ್ತ ತಿರುಗಿದ್ದವು. ಕೆಲವರು ಕಣ್ಣಿಗೆ ದುರ್ಬೀನು ಹಾಗೇ ಹಿಡಿದಿದ್ದರು. ಅವನು ಒಂದು ಗಳಿಗೆ ನಿಂತು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಸಿಂಚನಾಳ ಕೋಣೆಗೆ ಬಂದವನು ಕೂರಲಿಲ್ಲ.

"ಮೇಡಂ, ಪರದೆ ಬಂದ್ ಮಾಡ್ರಿ. ಮಂದಿಗೆ ನಿದ್ದಿ ಇಲ್ಲ, ನೆಮ್ಮದಿ ಇಲ್ಲ."

"ಮಂದಿಗೋ, ನಿಮಗೋ?"

"ನಾ ಜೋರ ಮಾತಾಡ್ತೇನಿ, ಅಷ್ಟರಿ. ಈ ರಸ್ತಾದ ಬಾಜೂಕ ಹುಟ್ಟಿ ಬೆಳದೇನಿ. ಜೋರ ಮಾತಾಡ್ಲಿಲ್ಲಂದ್ರ ನಮ್ಮಪ್ಪಗ ಕೇಳ್ತಿದ್ದಿಲ್ಲ. ರೂಢಿ ಅದು."

"ಮಡಿವಾಳ ಹಕ್ಕಿನೂ ರಸ್ತಾದ ಬಾಜೂಕ ಹುಟ್ಟಿದ್ದು ಗುಡಿಮನಿಯವರ. ಒಂದ ಬ್ಯಾಸಗ್ಯಾಗ ರೂಢಿ ಬಿಟ್ಟಿತು."

"ನಾ ಹಕ್ಕಿ ಅಲ್ರಿ!"

ಕಿಟಕಿಯ ಗಾಜು ಅದುರಿತು. ತನ್ನ ದನಿ ತನಗೇ ಕೇಳಿಸಿ ಅವನು ತಟಕ್ಕನೆ ನಿಲ್ಲಿಸಿದ. ಆಮೇಲೆ ಹೊರಟುಹೋದ.

ಸಂಘದ ಸಭೆ ಕರೆದರು. ಪರದೆ ನಿಲ್ಲಿಸಬೇಕೆನ್ನುವವರಿಗೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಗಾಡಿ ಬಂದದ್ದು ಗೊತ್ತಾಗುವುದಿಲ್ಲ ಎಂದರು. ತಲೆ ಧಿಮ್ಮೆನ್ನುತ್ತದೆ ಎಂದರು. ಇಷ್ಟು ಮೌನ ಸ್ಮಶಾನಕ್ಕೆ ಸರಿ ಎಂದರು. ತಮ್ಮ ಮನೆಯ ಮಾತು ಹೊರಗೆ ಕೇಳುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಸಿಂಚನಾ ಅಂಕಿ ಅಂಶ ತೋರಿಸಿದಳು. ಪೊದೆಗಳಲ್ಲಿ ಈಗಷ್ಟೇ ಮರಿಗಳಾಗಿವೆ, ಅವು ಹುಟ್ಟಿದಾಗಿನಿಂದ ರಸ್ತೆಯ ಸದ್ದನ್ನೇ ಕೇಳಿಲ್ಲ, ಸ್ವಲ್ಪ ದಿನ ತಾಳಿರಿ ಎಂದಳು. ಜನ ಕಾಲು ಅಲ್ಲಾಡಿಸುತ್ತ ಕೇಳಿದರು.

ಹಿಂದಿನ ಸಾಲಿನಿಂದ ಪವಿತ್ರಾ ಎದ್ದು ನಿಂತಳು. ಅದುವರೆಗೆ ಸಭೆಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಂದೊಂದು ಮಾತೈತ್ರಿ. ಪರದೆ ತಗದ್ರ ನಮ್ಮನ್ಯಾಗ ಏನೂ ಬದಲಾಗಂಗಿಲ್ಲ. ನಿಮಗ ಕೇಳಸೂದು ನಿಂದರತೈತಿ, ಅಷ್ಟ."

ಅವಳು ಕುಳಿತಳು. ವಿನಾಯಕ ಮುಂದಿನ ಸಾಲಿನಲ್ಲಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಕೊನೆಗೆ ಕೈ ಎತ್ತಿಸಿದರು. ನಿಲ್ಲಿಸಬೇಕು ಎನ್ನುವ ಕೈಗಳೇ ಹೆಚ್ಚಾದವು.

ಮಾರನೆಯ ಬೆಳಿಗ್ಗೆ ಪರದೆ ನಿಂತಿತು. ರಸ್ತೆ ಅಣೆಕಟ್ಟು ಒಡೆದಂತೆ ನುಗ್ಗಿ ಬಂತು.

ಆ ಹೊತ್ತಿಗೆ ವಿನಾಯಕ ಅಂಗಳದ ಮೂಲೆಯಲ್ಲಿ ಹಕ್ಕಿಗಳಿಗೆ ನೀರಿಡುವ ಮಣ್ಣಿನ ತಟ್ಟೆ ತೊಳೆಯುತ್ತಿದ್ದ. ಇಂಚರಾ ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ದಾಸವಾಳದ ಬುಡದಲ್ಲಿ ಗೂಡಿನಿಂದ ಆಗಷ್ಟೇ ಇಳಿದ ಮಡಿವಾಳ ಹಕ್ಕಿಯ ಮರಿಯೊಂದು ಬಾಯಿ ತೆರೆದು ಕುಳಿತಿತ್ತು. ತಾಯಿ ಹಕ್ಕಿ ಕಾಂಪೌಂಡಿನ ಮೇಲೆ ರೆಕ್ಕೆ ಬಡಿಯುತ್ತ ಅತ್ತಿಂದಿತ್ತ ಹಾರುತ್ತಿತ್ತು. ಅಪಾಯ ಕಂಡಾಗ ಅದು ಚರ್ರೆಂದು ಕೂಗುತ್ತದೆ, ಕೂಗು ಕೇಳಿದೊಡನೆ ಮರಿ ಪೊದೆಯೊಳಗೆ ನುಸುಳುತ್ತದೆ. ಕೂಗಿದ್ದಿರಬೇಕು. ಮರಿ ಕದಲಲಿಲ್ಲ.

ಇಂಚರಾ ಏನೋ ಹೇಳಿದಳು.

"ಏನ?" ಎಂದ ವಿನಾಯಕ, ರಸ್ತೆಯ ಸದ್ದನ್ನು ಮೀರಿಸುವಂತೆ.

ಅವನಿಗೆ ಸಿಟ್ಟೇನೂ ಬಂದಿರಲಿಲ್ಲ. ಬರೀ ಕೇಳಿದ್ದ. ಆದರೆ ಹುಡುಗಿ ಥಟ್ಟನೆ ಹಿಂದೆ ಸರಿದಳು. ಭುಜಗಳು ಕಿವಿಯವರೆಗೆ ಏರಿದವು. ಬಕೆಟ್ಟಿನ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು. ಮಾತಿಗೆ ತೆರೆದಿದ್ದ ಅವಳ ಬಾಯಿ ಮುಚ್ಚಿಕೊಂಡಿತು.

ಅವಳು ಹೇಳಿದ್ದು "ಬೆಕ್ಕು" ಎಂದು. ಅವನಿಗೆ ಗೊತ್ತಾಗುವಷ್ಟರಲ್ಲಿ ಬೂದು ಬೆಕ್ಕು ಮರಿಯನ್ನು ಕಚ್ಚಿಕೊಂಡು ಗೋಡೆ ಹಾರಿತ್ತು.

ವಿನಾಯಕ ಗೋಡೆಯ ಕಡೆ ನೋಡಲಿಲ್ಲ. ಮಗಳ ಏರಿದ ಭುಜಗಳನ್ನು ನೋಡುತ್ತ ನಿಂತ. ಹಕ್ಕಿ ಹತ್ತಿರ ಹೋಗುವಾಗ ಹೇಗೆ ಹೆಜ್ಜೆ ಇಡಬೇಕು, ಅದು ಕುತ್ತಿಗೆ ಚಾಚಿದರೆ ಏನರ್ಥ, ರೆಕ್ಕೆ ಅದುಮಿಕೊಂಡರೆ ಏನರ್ಥ ಎಂದು ಊರಿಗೆಲ್ಲ ಹೇಳಿಕೊಟ್ಟವನು ಅವನು. ತಟ್ಟೆಯನ್ನು ಕೆಳಗಿಟ್ಟು, ಅವಳಿಂದ ದೂರದಲ್ಲೇ, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

ಮಧ್ಯಾಹ್ನದ ಹೊತ್ತಿಗೆ ಅವನು ಮತ್ತೆ ಸಿಂಚನಾಳ ಬಾಗಿಲಲ್ಲಿದ್ದ. "ಮತ್ತ ಚಾಲೂ ಮಾಡ್ರಿ. ನಾ ಮನಿಮನಿಗೆ ಹೋಗಿ ಒಪ್ಪಸ್ತೇನಿ," ಎಂದ. ಹೋದ. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ಒಳಗೆ ಕರೆದು ತಮ್ಮದೇ ಕತೆ ಹೇಳಿಕೊಂಡರು. ಆ ವಾರ ಕಳೆಯುವುದರೊಳಗೆ ಪರದೆಗೆ ಜೀವ ಬಂತು.

ಪವಿತ್ರಾ ಮಾತ್ರ ಕರಗಲಿಲ್ಲ. "ಮಂದಿಗೆ ಕೇಳಸ್ತೈತಿ ಅಂತ ಸುಮ್ಮನಿರೂದ ಬ್ಯಾರೆ, ಮನಸಿಂದ ಸುಮ್ಮನಿರೂದ ಬ್ಯಾರೆ," ಎಂದು ಹೇಳಿ ಮಗಳನ್ನು ಕರೆದುಕೊಂಡು ಗದಗಿನ ಅಕ್ಕನ ಮನೆಗೆ ಹೋದಳು. ಅಲ್ಲಿನ ಶಾಲೆಗೇ ಇಂಚರಾಳನ್ನು ಸೇರಿಸಿದಳು. ವಿನಾಯಕ ದನಿ ತಗ್ಗಿಸಲು ಕಲಿತ, ಮರೆತ, ಮತ್ತೆ ಕಲಿತ. ಫೋನಿನಲ್ಲಿ ಮಗಳೊಡನೆ ಮಾತಾಡುವಾಗ ದನಿ ಏರಿದರೆ ಕೆಳಗಿನ ಮನೆಯ ಜರೀನಾ ಲಟ್ಟಣಿಗೆಯಿಂದ ಸೂರಿಗೆ ಬಡಿಯುತ್ತಿದ್ದಳು. ಹಾಗೆ ಬಡಿಯಲು ಅವನೇ ಕೇಳಿಕೊಂಡಿದ್ದ. ತಾಯಿ ಮಗಳು ಹಿಂದಿರುಗಿದ್ದು ಮರುವರ್ಷ ಪರೀಕ್ಷೆ ಮುಗಿದ ಮೇಲೆ. ಅದೂ ಪೂರ್ತಿಯಾಗಿ ಅಲ್ಲ, ರಜೆಗೆಂದು. ಆಮೇಲೆ ರಜೆ ಉದ್ದವಾಯಿತು.

ಮುಂದಿನ ವರ್ಷಗಳಲ್ಲಿ ಪರದೆ ಊರೂರಿಗೆ ಹಬ್ಬಿತು. ಮೈಸೂರು, ಕಲಬುರಗಿ, ಮಂಗಳೂರಿನ ಬಡಾವಣೆಗಳಲ್ಲಿ ಜನ ಬೆಳಿಗ್ಗೆ ಎದ್ದು ಕಿಟಕಿ ತೆರೆದು ನಿಂತರು. ಎಷ್ಟೋ ಕಡೆ ಆರು ತಿಂಗಳಿಗೇ ಕಿತ್ತುಹಾಕಿದರು. ಇನ್ನೆಷ್ಟೋ ಕಡೆ ಪರದೆ ಉಳಿಯಿತು, ಅದರ ಜೊತೆಗೇ ಮಾರುಕಟ್ಟೆಗೆ ಸದ್ದಿನ ಡಬ್ಬಿಗಳೂ ಬಂದವು. ಗೋಡೆಗೆ ಸಿಕ್ಕಿಸಿದರೆ ಮನೆಯ ಮಾತು ಹೊರಗೆ ಕೇಳದಂತೆ ಅವು ಒಳಗೆ ಲಾರಿ, ಬಸ್ಸು, ಹಾರ್ನುಗಳ ಸದ್ದನ್ನು ಹರಿಸುತ್ತವೆ. ಅವು ಬಿಸಿ ದೋಸೆಯಂತೆ ಮಾರಾಟವಾದವು. ಒಳ್ಳೆಯದನ್ನೇ ಮಾಡಿದೆನೇ ಎಂಬ ಪ್ರಶ್ನೆ ಸಿಂಚನಾಳನ್ನು ಬಿಡಲಿಲ್ಲ. ಒಂದು ಕಡೆ ಕೂರಲಾಗದೆ ಅವಳು ಇನ್ನೂ ಹೆಚ್ಚು ನಡೆದಾಡತೊಡಗಿದಳು.

ಅವಳ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ ಪ್ರಯೋಗಾಲಯ ತೋರಿಸುತ್ತಾರೆ. ಒಂದು ವರ್ಷ ಹಳೇಕೆರೆ ಕಾಲನಿಯ ಮಕ್ಕಳು ಬಂದಿದ್ದರು, ಪರದೆ ಬಂದ ಮೇಲೆ ಹುಟ್ಟಿದವರು. ಹಿಂದಿನ ಕಾಲದ ಹಕ್ಕಿಗಳು ಹೇಗೆ ಹಾಡುತ್ತಿದ್ದವು ಎಂದು ಕೇಳಿಸಲು ಸಿಂಚನಾ ಒಂದು ಹಳೆಯ ವಿಡಿಯೊ ಹಾಕಿದಳು. ನಲವತ್ತು ವರ್ಷಗಳ ಹಿಂದೆ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ಯಾರೋ ತಮ್ಮ ಬೀದಿಯ ವಿದ್ಯುತ್ ತಂತಿಯ ಮೇಲೆ ಕುಳಿತ ಮಡಿವಾಳ ಹಕ್ಕಿಯನ್ನು ಮೊಬೈಲಿನಲ್ಲಿ ಹಿಡಿದದ್ದು. ಬೈಕುಗಳು, ಹಾರ್ನು, ಎಲ್ಲೋ ಒಂದು ಜೆಸಿಬಿ. ಅದರ ನಡುವೆ ಹಕ್ಕಿಯ ಚೂಪಾದ ಸಿಳ್ಳು. ಕೆಳಗೆ ರಸ್ತೆಯ ಆಚೆ ಈಚೆ ಎರಡು ಗೇಟುಗಳಲ್ಲಿ ಇಬ್ಬರು ಹೆಂಗಸರು ಕುತ್ತಿಗೆಯ ನರ ಉಬ್ಬಿಸಿ ಕಿರುಚುತ್ತಿದ್ದರು.

ಮುಂದಿನ ಸಾಲಿನ ಪುಟ್ಟ ಹುಡುಗಿ ಕಿವಿ ಮುಚ್ಚಿಕೊಂಡು ಅಳುಮೋರೆ ಮಾಡಿದಳು.

"ಆಂಟಿ, ಅವ್ರು ಯಾಕ ಅಷ್ಟ ಸಿಟ್ಟಿಗೆದ್ದಾರ?"

ಸಿಂಚನಾ ಆ ವಿಡಿಯೊವನ್ನು ಎಷ್ಟೋ ಸಲ ನೋಡಿದ್ದಳು, ಪ್ರತಿ ಸಲವೂ ಹಕ್ಕಿಗಾಗಿ. ಈಗ ರಸ್ತೆಯ ಸದ್ದನ್ನು ಸೋಸಿ ತೆಗೆದು ಮತ್ತೊಮ್ಮೆ ಹಾಕಿ, ಹೆಂಗಸರ ಮಾತಿಗೆ ಕಿವಿಗೊಟ್ಟಳು. ಆಮೇಲೆ ಹುಡುಗಿಯ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದಳು:

"ಸಿಟ್ಟಲ್ಲವ್ವಾ. ಊಟ ಆತೇನ್ರಿ ಅಂತ ಕೇಳಾಕತ್ತಾರ."