ರೇಡಿಯೋ ಮತ್ತು ಬ್ರೇಕಿನ ಗಾಳಿ

"ಒತ್ತಬೇಕಂತೆ!"

ರೇಡಿಯೋ ಓಡಿ ಬಂದು ಕಾರಿನ ಮುಂದಿನ ಬಾಗಿಲಿಗೆ ಜೋತುಬಿದ್ದು ಕೂಗಿದಳು. ಸ್ಟೇರಿಂಗ್ ಹಿಂದೆ ಕೂತಿದ್ದ ಅಜ್ಜ ಬ್ರೇಕ್ ಪೆಡಲ್ ಒತ್ತಿದರು.

"ಒತ್ತಿದೀನಿ ಅಂತ ಹೇಳು ನಿಮ್ಮಮ್ಮನಿಗೆ."

ಆ ನಿಮ್ಮಮ್ಮ ಇದ್ದದ್ದು ಎಷ್ಟು ದೂರ ಅಂತೀರಿ? ಅದೇ ಕಾರಿನ ಹಿಂದಿನ ಚಕ್ರದ ಹತ್ತಿರ! ಚಕ್ರ ಬಿಚ್ಚಿಟ್ಟು, ಕೆಳಗೆ ರಟ್ಟು ಹಾಸಿಕೊಂಡು, ಸ್ಪ್ಯಾನರ್ ಹಿಡಿದು ಕೂತಿದ್ದಳು. ಅಜ್ಜ ಮೆಲ್ಲಗೆ ಕೆಮ್ಮಿದರೂ ಅವಳಿಗೆ ಕೇಳಿಸುತ್ತಿತ್ತು. ಆದರೂ ರೇಡಿಯೋ ಹಿಂದಕ್ಕೆ ಓಡಿದಳು.

"ಒತ್ತಿದಾರಂತೆ!"

"ಹಾಗೇ ಹಿಡ್ಕೊಂಡಿರೋಕೆ ಹೇಳು."

ಮತ್ತೆ ಮುಂದಕ್ಕೆ ಓಟ. "ಹಾಗೇ ಹಿಡ್ಕೊಂಡಿರಬೇಕಂತೆ!"

ದೊಡ್ಡವರು ಟೂ ಬಿಟ್ಟರೆ ಮಕ್ಕಳ ಕಾಲಿಗೆ ಬಿಡುವೇ ಇರುವುದಿಲ್ಲ.

ರೇಡಿಯೋ ಅನ್ನುವುದು ಅವಳ ನಿಜವಾದ ಹೆಸರಲ್ಲ ಬಿಡಿ. ಬೆಳಿಗ್ಗೆ ಎದ್ದ ತಕ್ಷಣ ಆನ್ ಆದ ಬಾಯಿ ನಿದ್ದೆ ಬರುವ ತನಕ ಆಫ್ ಆಗುತ್ತಿರಲಿಲ್ಲ. ಅದಕ್ಕೇ ಅಜ್ಜ ಇಟ್ಟ ಹೆಸರು ಅದು. ಕ್ಲಾಸಿನಲ್ಲಿ ಟೀಚರ್ ಕೂಡ ಒಮ್ಮೆ ಬಾಯಿ ತಪ್ಪಿ ಹಾಗೇ ಕರೆದಿದ್ದರು.

ಜಗಳ ಹುಟ್ಟಿದ್ದು ಈ ಕಾರಿನಿಂದಲೇ. ಮಂಗಳವಾರ ಅಜ್ಜ ಕಾರನ್ನು ಒಳಗೆ ತರುವಾಗ ಗೇಟಿನ ಕಂಬಕ್ಕೆ ಗುದ್ದಿಸಿದರು. ಬಂಪರ್ ಒಂದು ಕಡೆ ಸ್ವಲ್ಪ ತಗ್ಗಾಯಿತು, ಅಷ್ಟೇ. ಆದರೆ ಅಮ್ಮನಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಅಪ್ಪಾ, ನಿಮಗೆ ವಯಸ್ಸಾಯ್ತು. ಇನ್ನು ಕಾರು ಮುಟ್ಟಬೇಡಿ" ಅಂದುಬಿಟ್ಟಳು. ಅದೂ ಪಕ್ಕದ ಮನೆಯವರ ಎದುರಿಗೆ!

ಅಜ್ಜ ಗ್ಯಾರೇಜ್ ನಡೆಸಿದವರು. ಅಮ್ಮನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರೇ ಅವರು. ಕಾರಿನ ಕೀಯನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋದವರು, ಆಮೇಲೆ ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ. ಅಮ್ಮನೂ ಆಡಿರಲಿಲ್ಲ. ಹೇಳಿ ಕಳಿಸಲು ರೇಡಿಯೋ ಇದ್ದಳಲ್ಲ!

"ಊಟಕ್ಕೆ ಬರಬೇಕಂತೆ ಅಜ್ಜಾ."

"ಹಸಿವಿಲ್ಲ ಅಂತ ಹೇಳು."

"ಹಸಿವಿಲ್ಲವಂತೆ ಅಮ್ಮಾ."

ರೇಡಿಯೋಗೆ ಇದು ಭಾರೀ ಮಜಾ ಅನ್ನಿಸಿತ್ತು. ಆದರೆ ಕೆಲವು ಸಲ ಸುದ್ದಿ ತೀರಾ ಚಿಕ್ಕದಾಗಿರುತ್ತಿತ್ತು. ಅಜ್ಜ ಕೇಳಿಸಿಕೊಂಡು, ಕನ್ನಡಕದ ಮೇಲಿನಿಂದ ನೋಡಿ, "ಅಷ್ಟೇನಾ?" ಅನ್ನುತ್ತಿದ್ದರು. ಆಗ ರೇಡಿಯೋಗೆ ನಾಲಿಗೆ ತುರಿಸುತ್ತಿತ್ತು. ಒಂದಿಷ್ಟು ಉಪ್ಪು ಖಾರ ಹಚ್ಚುತ್ತಿದ್ದಳು.

"ಅಮ್ಮ ಮುಖ ಊದಿಸ್ಕೊಂಡೇ ಹೇಳಿದ್ಲು ಅಜ್ಜಾ. ಪಾತ್ರೆ ಬೇರೆ ಧಡ್ ಅಂತ ಕುಕ್ಕಿದ್ಲು!"

ನಿಜ ಹೇಳಬೇಕೆಂದರೆ ಪಾತ್ರೆ ಅಮ್ಮನ ಕೈಯಿಂದ ಜಾರಿತ್ತು. ಆದರೆ ಕುಕ್ಕಿದಳು ಅಂದರೆ ಕೇಳಲು ಇನ್ನೂ ಚೆನ್ನಾಗಿರುತ್ತದಲ್ಲ!

ನಾಳೆ ಭಾನುವಾರ. ಎಲ್ಲರೂ ಸಮುದ್ರಕ್ಕೆ ಹೋಗುವ ದಿನ. ರೇಡಿಯೋ ಸಮುದ್ರವನ್ನು ಟೀವಿಯಲ್ಲಿ ಮಾತ್ರ ನೋಡಿದ್ದಳು. ಟವೆಲ್, ಮರಳು ತುಂಬುವ ಬಕೆಟ್, ಬಿಸ್ಕತ್ತು ಎಲ್ಲ ಆಗಲೇ ಬ್ಯಾಗು ಸೇರಿದ್ದವು. ಅಷ್ಟರಲ್ಲಿ ನಿನ್ನೆ ಕಾರಿನಲ್ಲಿ ಅಂಗಡಿಗೆ ಹೊರಟ ಅಮ್ಮ ಬೀದಿಯ ಮೂಲೆಯಿಂದಲೇ ಮೆಲ್ಲಗೆ ವಾಪಸ್ ಬಂದಳು.

"ಬ್ರೇಕ್ ಪೆಡಲ್ ಸ್ಪಂಜಿನ ತರ ಮೆತ್ತಗಾಗಿದೆ. ಪೈಪಿನೊಳಗೆ ಗಾಳಿ ಸೇರಿದೆ. ಅದನ್ನ ತೆಗೆಯೋ ತನಕ ಈ ಕಾರು ಗೇಟು ದಾಟಲ್ಲ."

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಇರುವ ಸಣ್ಣ ನಟ್ಟನ್ನು ಸಡಿಲ ಮಾಡಬೇಕು. ಆಗ ಬ್ರೇಕ್ ಆಯಿಲ್ ಜೊತೆ ಗಾಳಿಯೂ ಗುಳ್ಳೆಗುಳ್ಳೆಯಾಗಿ ಹೊರಗೆ ಬರುತ್ತದೆ. ನಟ್ಟು ಬಿಗಿಯಾದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಕಾಲೆತ್ತಿದರೆ ಹೋದ ಗಾಳಿ ಮತ್ತೆ ಒಳಗೆ ಸೇರಿಕೊಳ್ಳುತ್ತದೆ.

ಪೆಡಲ್ ಒತ್ತಿ ಹಿಡಿಯುವಷ್ಟು ಬಲ ರೇಡಿಯೋ ಕಾಲಿಗೆ ಇರಲಿಲ್ಲ. ಬಗ್ಗಿ ಚಕ್ರದ ಹತ್ತಿರ ಕೂರಲು ಅಜ್ಜನ ಮೊಣಕಾಲು ಒಪ್ಪುತ್ತಿರಲಿಲ್ಲ. ಹಾಗಾಗಿ ಅಮ್ಮ ಹಿಂದೆ, ಅಜ್ಜ ಮುಂದೆ.

"ನಿನ್ನ ಸಮುದ್ರಕ್ಕೋಸ್ಕರ ಒತ್ತಿ ಕೊಡ್ತೀನಿ ಮರಿ. ಆದ್ರೆ ನಾಳೆ ನಾನು ಬರಲ್ಲ. ಇದನ್ನೂ ಹೇಳು ಅವಳಿಗೆ" ಅಂದಿದ್ದರು ಅಜ್ಜ.

ಅಜ್ಜ ಇಲ್ಲದ ಸಮುದ್ರವೇ? ಆದರೂ ಓಡಿ ಹೋಗಿ ಹೇಳಿದ್ದಳು.

ಬಿಸಿಲು ಏರಿತು. ಹಿಂದೆ ಮುಂದೆ, ಹಿಂದೆ ಮುಂದೆ ಓಡಿ ರೇಡಿಯೋಗೆ ಸಾಕಾಗಿಹೋಯಿತು. ಒತ್ತಬೇಕಂತೆ, ಹಿಡೀಬೇಕಂತೆ, ಬಿಡಬೇಕಂತೆ. ಇದೂ ಒಂದು ಸುದ್ದಿಯೇ?

"ಈಗ ಕಾಲು ತೆಗೀಬಾರದು ಅಂತ ಹೇಳು. ನಟ್ಟು ತೆಗೆದಿದೀನಿ. ಗುಳ್ಳೆ ಬರ್ತಿದೆ" ಅಂದಳು ಅಮ್ಮ.

"ಕಾಲು ತೆಗೀಬಾರದಂತೆ" ಅಂದಳು ರೇಡಿಯೋ, ಮುಂದಕ್ಕೆ ಬಂದು.

ಅಜ್ಜ ಕನ್ನಡಕದ ಮೇಲಿನಿಂದ ನೋಡಿದರು. "ಅಷ್ಟೇನಾ?"

ನಾಲಿಗೆ ತುರಿಸಿಯೇಬಿಟ್ಟಿತು. ಹಿಂದಕ್ಕೆ ಕೇಳಿಸದ ಹಾಗೆ ಅಜ್ಜನ ಕಿವಿಯಲ್ಲಿ ಪಿಸುಗುಟ್ಟಿದಳು. "ಸರಿಯಾಗಿ ಹಿಡ್ಕೋಬೇಕಂತೆ. ಗೇಟಿಗೆ ಗುದ್ದಿದ ಹಾಗೆ ಮಾಡಬಾರದಂತೆ!"

ಅಜ್ಜನ ಮುಖ ಕೆಂಪಾಯಿತು. ಕಾಲು ಪೆಡಲಿನಿಂದ ಮೇಲೆ ಬಂತು.

"ಅಯ್ಯೋ!" ಹಿಂದಿನಿಂದ ಅಮ್ಮ ಕಿರುಚಿದಳು. "ಗಾಳಿ ವಾಪಸ್ ಎಳ್ಕೊಳ್ತು! ಮಾಡಿದ್ದೆಲ್ಲಾ ದಂಡ!"

ಅಜ್ಜ ಕಾರಿನಿಂದ ಇಳಿದು ನೇರವಾಗಿ ಹಿಂದಕ್ಕೆ ಬಂದರು. ಸಿಟ್ಟಿನಲ್ಲಿ ಅವರಿಗೆ ಟೂ ಬಿಟ್ಟದ್ದೇ ಮರೆತುಹೋಗಿತ್ತು.

"ಗೇಟು ಗೇಟು ಅಂತ ಇನ್ನೂ ಎಷ್ಟು ಸಲ ಚುಚ್ತೀಯ? ಪೆಡಲ್ ಮೆತ್ತಗಾಗಿದೆ, ಪೈಪ್ ನೋಡು ಅಂತ ನಾನು ಅವತ್ತೇ ಹೇಳಿ ಕಳಿಸಲಿಲ್ವಾ? ಬ್ರೇಕ್ ಹಿಡೀದೇ ಇದ್ರೆ ಗುದ್ದದೆ ಇನ್ನೇನಾಗುತ್ತೆ?"

ಅಮ್ಮ ಎದ್ದು ನಿಂತಳು. "ನಾನೆಲ್ಲಿ ಗೇಟಿನ ಮಾತು ಎತ್ತಿದೆ? ಮತ್ತೆ ನೀವು ಯಾವಾಗ ಹೇಳಿ ಕಳಿಸಿದ್ರಿ? ಯಾರ ಹತ್ರ?"

ಇಬ್ಬರೂ ಒಟ್ಟಿಗೆ ರೇಡಿಯೋ ಕಡೆ ತಿರುಗಿದರು.

ರೇಡಿಯೋಗೆ ಎಲ್ಲ ನೆನಪಾಯಿತು. ಮಂಗಳವಾರ ಸಂಜೆ ಅಜ್ಜ ಹೇಳಿದ್ದರು: "ಕಾರಿನ ವಿಷಯ ನನಗೆ ಕಲಿಸೋಕೆ ಬರಬೇಡ ಅಂತ ಹೇಳು ಅವಳಿಗೆ. ಪೆಡಲ್ ಮೆತ್ತಗಾಗಿದೆ, ಪೈಪ್ ನೋಡೋಕೆ ಹೇಳು." ಮೊದಲನೆಯ ಮಾತು ಮಜವಾಗಿತ್ತು. ಸೊಂಟದ ಮೇಲೆ ಕೈಯಿಟ್ಟು, ಅಜ್ಜನ ದನಿಯಲ್ಲೇ ಹೇಳಿದ್ದಳು. ಎರಡನೆಯದನ್ನು ಹಾಗೇ ಬಿಟ್ಟಿದ್ದಳು.

"ಗೇಟಿನ ಮಾತು ಅಮ್ಮ ಹೇಳಿದ್ದಲ್ಲ ಅಜ್ಜಾ. ನಾನು ಸೇರಿಸಿದ್ದು" ಅಂದಳು ರೇಡಿಯೋ. ದನಿ ಸಣ್ಣಗಾಗಿತ್ತು. "ಪೆಡಲಿಂದು ನಾನು ಅಮ್ಮನಿಗೆ ಹೇಳಲೇ ಇಲ್ಲ. ಅದು ಬೋರ್ ಇತ್ತು."

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಾ, "ನಿನ್ನೆ ನಾನು ಇದೇ ಕಾರಲ್ಲಿ ರಸ್ತೆಗೆ ಹೋಗಿದ್ದೆ" ಅಂದಳು, ಮೆಲ್ಲಗೆ.

ರೇಡಿಯೋ ಕಣ್ಣು ತುಂಬಿಕೊಂಡಿತು.

"ಅಳೋದು ಆಮೇಲೆ. ಈಗ ಕೆಲಸ ಇದೆ" ಅಂದರು ಅಜ್ಜ. ಅವಳ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗಿ, ಎತ್ತಿ ನಿಲ್ಲಿಸಿದ್ದ ಬಾನೆಟ್ ಕೆಳಗೆ ತೋರಿಸಿದರು. "ಇದು ಬ್ರೇಕ್ ಆಯಿಲ್ ಡಬ್ಬಿ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಆಯಿಲ್ ಕೆಳಗಿನ ಗೆರೆ ಹತ್ರ ಬಂದ ತಕ್ಷಣ ಕೂಗಬೇಕು. ಇದು ಖಾಲಿ ಆದ್ರೆ ಇಲ್ಲಿಂದಲೂ ಗಾಳಿ ಹೋಗುತ್ತೆ. ಕಣ್ಣು ಇಲ್ಲೇ ಇರಲಿ."

"ಮತ್ತೆ ನಿಮ್ಮಿಬ್ಬರಿಗೆ ಯಾರು ಹೇಳೋದು?"

ಅಜ್ಜ ಹೋಗಿ ಸ್ಟೇರಿಂಗ್ ಹಿಂದೆ ಕೂತರು.

ಬಾನೆಟ್ ಅಡ್ಡ ಇದ್ದದ್ದರಿಂದ ರೇಡಿಯೋಗೆ ಯಾರೂ ಕಾಣುತ್ತಿರಲಿಲ್ಲ. ಅಜ್ಜ ಗಂಟಲು ಸರಿಮಾಡಿಕೊಂಡರು. ಸ್ಪ್ಯಾನರ್ ಟಣ್ ಅಂದಿತು.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ... ಹಿಡ್ಕೊಳ್ಳಿ... ಬಿಗಿ ಮಾಡಿದೆ. ಬಿಡಿ."

"ಬಿಟ್ಟೆ."

ಎಷ್ಟು ಬೇಗ ಮುಗಿಯಿತು! ರೇಡಿಯೋ ಓಡುತ್ತಿದ್ದರೆ ಇಷ್ಟರಲ್ಲಿ ಬಾಗಿಲ ತನಕವೂ ಬಂದಿರುತ್ತಿರಲಿಲ್ಲ.

"ಒತ್ತಿ ಅಪ್ಪಾ."

"ಒತ್ತಿದೆ. ಗುಳ್ಳೆ ಬರ್ತಿದ್ಯಾ?"

"ಸೋಡಾ ಬಾಟಲಿ ತರ ಬರ್ತಿದೆ! ಹೋದ ತಿಂಗಳು ಪೈಪ್ ಬದಲಾಯಿಸಿದಾಗ ನಾನೊಬ್ಬಳೇ ಗಾಳಿ ತೆಗೆದಿದ್ದೆ. ಸರಿಯಾಗಿ ಹೋಗಿಲ್ಲ ಅಂತ ಕಾಣುತ್ತೆ."

"ಒಬ್ಬಳೇನಾ? ನಾನು ಸತ್ತು ಹೋಗಿದ್ನಾ?"

"ನೀವು ಮಲಗಿದ್ರಿ ಅಪ್ಪಾ. ಎಬ್ಬಿಸೋದು ಬೇಡ ಅಂತ..."

ರೇಡಿಯೋಗೆ ಹೇಳಲು ಎಷ್ಟೊಂದು ಇತ್ತು! ಅಜ್ಜನ ಗೊರಕೆಯ ವಿಷಯವೇ ಒಂದು ಗಂಟೆಯದು ಇತ್ತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಗೆರೆಯನ್ನೇ ನೋಡುತ್ತಾ ನಿಂತಳು.

"ಅವತ್ತು ಪಕ್ಕದ ಮನೆಯವರ ಎದುರಿಗೆ ಹಾಗೆ ಅನ್ನಬಾರದಿತ್ತು" ಅಂದಳು ಅಮ್ಮ. "ತಪ್ಪಾಯ್ತು ಅಪ್ಪಾ."

ಸೀಟಿನಿಂದ ಅಜ್ಜನ ದನಿ ಬಂತು.

"ಬಿಡ್ಲಾ?"

"ಏನನ್ನ?"

"ಪೆಡಲ್ ಕಣೆ! ಕಾಲು ಸೋತುಹೋಯ್ತು!"

ಅಮ್ಮ ಜೋರಾಗಿ ನಕ್ಕಳು. ಅಜ್ಜನೂ ನಕ್ಕರು. ಅಷ್ಟರಲ್ಲಿ ಬಾನೆಟ್ ಹಿಂದಿನಿಂದ ಕೂಗು ಕೇಳಿಸಿತು.

"ಆಯಿಲ್ ಕೆಳಗಿನ ಗೆರೆ ಹತ್ರ ಬಂತು!"

ಅಮ್ಮ ನಟ್ಟು ಬಿಗಿ ಮಾಡಿ ಓಡಿ ಬಂದು ಹೊಸ ಆಯಿಲ್ ಸುರಿದಳು. "ಸರಿಯಾದ ಟೈಮಿಗೆ ಕೂಗಿದೆ" ಅಂದು ಅವಳ ತಲೆ ಸವರಲು ಹೋಗಿ, ಆಯಿಲ್ ಕೈ ನೋಡಿಕೊಂಡು, ಮೊಣಕೈಯಿಂದ ಮೆಲ್ಲಗೆ ತಿವಿದಳು.

ನಾಲ್ಕು ಚಕ್ರಗಳೂ ಮುಗಿಯುವ ಹೊತ್ತಿಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಅಮ್ಮ ಕಾರನ್ನು ಅಂಗಳದಲ್ಲೇ ಮೆಲ್ಲಗೆ ಓಡಿಸಿ, ಗೇಟಿನ ಕಂಬಕ್ಕಿಂತ ಎಷ್ಟೋ ಮೊದಲೇ ಗಕ್ಕೆಂದು ನಿಲ್ಲಿಸಿದಳು. ಅಜ್ಜ ಕಂಬವನ್ನು ತಟ್ಟಿ, "ಬದುಕಿಕೊಂಡೆ ನೋಡಪ್ಪಾ" ಅಂದರು.

ಸಂಜೆ ಅಜ್ಜ ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಒಳಗೆ ಬ್ಯಾಗು ತುಂಬುತ್ತಿದ್ದ ಅಮ್ಮ, "ಅಜ್ಜನಿಗೆ ಹೇಳು" ಅಂತ ಏನೋ ಹೇಳಿ ಕಳಿಸಿದಳು. ರೇಡಿಯೋ ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದಳು.

"ನಾಳೆ ಬೆಳಿಗ್ಗೆ ಬೇಗ ಹೊರಡೋದಂತೆ ಅಜ್ಜಾ. ನಿಮ್ಮ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲಿ ಇದೆಯಂತೆ. ಮೊಣಕಾಲಿನ ಮುಲಾಮು ಬ್ಯಾಗಿಗೆ ಹಾಕಿದಾಳಂತೆ. ಚಪ್ಪಲಿ ಹಳೇದೇ ಸಾಕಂತೆ."

ಅಜ್ಜ ಪೇಪರ್ ಕೆಳಗಿಳಿಸಿ, ಕನ್ನಡಕದ ಮೇಲಿನಿಂದ ನೋಡಿದರು.

"ಅಷ್ಟೇನಾ?"

ನಾಲಿಗೆ ತುರಿಸಿತು. ಸ್ವಲ್ಪ ಅಲ್ಲ, ತುಂಬಾ.

"ಅಷ್ಟೇ ಅಜ್ಜಾ" ಅಂದಳು ರೇಡಿಯೋ.

ಅಜ್ಜ ಪೇಪರ್ ಮಡಿಚಿಟ್ಟು, ಟೋಪಿ ತರಲು ಒಳಗೆ ಹೋದರು.