ಮುಕ್ತ ಸಮ್ಮತಿ

"ನಾ ಪ್ರಪೋಸಲ್ ಮಾಡಿದೆ ಅಂತ ತಿಳೀರಿ. ನೀವು ಹೂಂ ಅಂದ್ರ ಅಷ್ಟಕ್ಕ ಮುಗೀತೇನ್ರಿ, ಮತ್ತೇನರ ಬೇಕಾಗತೈತಿ?"

ಕಾಲೇಜಿನ ಲೈಬ್ರರಿಯಲ್ಲಿ, ನಾಲ್ಕು ಮಂದಿಗೆ ಕೇಳುವಂತೆ, ಗುರುತು ಪರಿಚಯವಿಲ್ಲದ ಹುಡುಗನೊಬ್ಬ ಹೀಗೆ ಕೇಳಿದರೆ ಯಾವ ಹುಡುಗಿ ಸುಮ್ಮನಿದ್ದಾಳು? ತಬಸ್ಸುಮಳ ಕಿವಿ ಕೆಂಪಾದವು. "ನಾಚಿಕಿ ಅನ್ನೂದು ಐತೋ ಇಲ್ಲೋ ನಿಮಗ?" ಎಂದು ಎದ್ದೇಬಿಟ್ಟಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಹುಡುಗ ಗಾಬರಿಬಿದ್ದು ಪುಸ್ತಕವನ್ನು ಅವಳ ಕಡೆ ತಿರುಗಿಸಿ ಹಿಡಿದ. ಬಿಸಿನೆಸ್ ಲಾ, ಮೊದಲನೇ ಚಾಪ್ಟರ್. ಪ್ರಪೋಸಲ್, ಆಕ್ಸೆಪ್ಟನ್ಸ್, ಅಗ್ರಿಮೆಂಟ್. "ಇದರಾಗಿಂದು ಕೇಳಿದೆ ರೀ ಅಕ್ಕಾರ. ಕ್ಲಾಸಿನಾಗ ನೀವ ಶಾಣ್ಯಾರು ಅಂದ್ರು, ಅದಕ್ಕ..."

ಅವನು 'ಅಕ್ಕಾರ' ಎಂದದ್ದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಅವನ ಹೆಸರು ಜಹೀರ. ಬಬಲೇಶ್ವರದ ಕಡೆಯ ಕಾಖಂಡಕಿಯಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬರುತ್ತಿದ್ದ. ಪಿಯುಸಿ ತನಕ ಕನ್ನಡದಲ್ಲೇ ಓದಿದವನಿಗೆ ಬಿ.ಕಾಂ.ನ ಇಂಗ್ಲಿಷ್ ಕಬ್ಬಿಣದ ಕಡಲೆ. ತಬಸ್ಸುಮ ವಿಜಯಪುರದ ಜಲನಗರದವಳು. ತಾಯಿ ಇಲ್ಲದ ಮನೆಯಲ್ಲಿ ಅವಳೂ, ನೀರಾವರಿ ಇಲಾಖೆಯಲ್ಲಿ ಕ್ಲಾರ್ಕ್ ಆಗಿದ್ದ ಅವಳ ಅಬ್ಬಾ ಬಂದೇನವಾಜ ಅವರೂ ಇಬ್ಬರೇ.

ರಾತ್ರಿಯಿಡೀ ಪಾಪ ಅನ್ನಿಸಿ, ಮರುದಿನ ತಾನಾಗಿಯೇ ಹೋಗಿ ಅವನೆದುರು ಕೂತಳು. "ಆಫರ್ ಮಾಡಾಂವ ಆಫರರ್. ಯಾರಿಗೆ ಮಾಡ್ತಾನೋ ಅವ ಆಫರೀ. ತಿಳೀತೇನು?"

"ನಮ್ಮ ಸಾದಿಕಭಾಯಿ ಲೆಕ್ಕದಾಗ ಹೇಳ್ಲೇನ್ರಿ?" ಎಂದ ಜಹೀರ. ಸಾದಿಕ ಅವನ ಅಣ್ಣ, ಟೆಂಪೋ ಓಡಿಸುತ್ತಿದ್ದ. "ಭಾಯಿ ಘೋಣಸಗಿಗೆ ಹೋಗಿ, ನಿಮ್ಮ ಒಣದ್ರಾಕ್ಷಿ ನಾ ಒಯ್ತೇನಿ ಅಂದ. ಅವ ಆಫರರ್. ತೋಟದ ಗೌಡ್ರು ಹೂಂ ಅಂದ್ರು. ಕರಾರು ಆತು."

"ಬರೇ ಹೂಂ ಅಂದ್ರ ಆಗಂಗಿಲ್ಲ. ಕನ್ಸಿಡರೇಷನ್ ಬೇಕು. ಅಂದ್ರ ಪ್ರತಿಫಲ. ಇವ ಒಂದು ಕೊಡಬೇಕು, ಅವ ಒಂದು ಕೊಡಬೇಕು."

ಜಹೀರ ತುಸು ಹೊತ್ತು ಪೆನ್ನಿನ ಕ್ಯಾಪು ಕಚ್ಚಿಕೊಂಡಿದ್ದ. ಆಮೇಲೆ ಕಣ್ಣೆತ್ತದೆ ಕೇಳಿದ: "ನೀವು ನನಗ ಕಲಸಾಕತ್ತೀರಿ. ನಾ ಏನೂ ಕೊಟ್ಟಿಲ್ಲ. ಹಂಗಾರ ಈ ಕರಾರು ವಾಯಿಡ್, ರದ್ದು ಏನ್ರಿ?"

ತಬಸ್ಸುಮಳಿಗೆ ನಗು ತಡೆಯಲಾಗಲಿಲ್ಲ. "ಪ್ರತಿಫಲ ಇಲ್ಲದ ಕರಾರೂ ಒಮ್ಮೊಮ್ಮೆ ನಡೀತೈತಿ. ಸಹಜ ಪ್ರೀತಿ, ವಾತ್ಸಲ್ಯದಿಂದ ಮಾಡಿದ್ರ. ಆದ್ರ ಹತ್ತರದ ಸಂಬಂಧ ಇರಬೇಕು, ರಜಿಸ್ಟರ್ ಆಗಿರಬೇಕು."

"ಆಗಲಿ ಬಿಡ್ರಿ. ಆಗೂತನಕ ಕಲಸ್ರಿ," ಎಂದ ಅವನು, ಅಷ್ಟೇ ಗಂಭೀರವಾಗಿ.

ಆಗ ಅವನು ಕಣ್ಣೆತ್ತಿದ. ಅವಳು ಪುಸ್ತಕದ ಹಾಳೆ ತಿರುವಿದಳು, ಓದಿ ಮುಗಿಸಿರದಿದ್ದ ಹಾಳೆ.

ಸೈಕಲ್ ಸ್ಟ್ಯಾಂಡಿನ ಪಕ್ಕದ ಬೇವಿನ ನೆರಳಿನಲ್ಲಿ ಚಾಪ್ಟರ್‌ಗಳು ಒಂದೊಂದಾಗಿ ಮುಗಿದವು. ಅವನ ಡಬ್ಬಿಯಲ್ಲಿ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ಇರುತ್ತಿದ್ದವು. ಕಟ್ಟಿ ಕಳಿಸುತ್ತಿದ್ದವಳು ಸಾದಿಕನ ಹೆಂಡತಿ ಸಕೀನಾ. "ನಮ್ಮ ಭಾಬಿ ಎರಡು ರೊಟ್ಟಿ ಹೆಚ್ಚಿಗಿ ಹಾಕ್ಯಾಳ. ಯಾರಿಗೆ ಅಂತ ನಾ ಹೇಳಿಲ್ಲ, ಆಕಿ ಕೇಳಿಲ್ಲ," ಎನ್ನುತ್ತಿದ್ದ ಜಹೀರ.

ರಿಸಲ್ಟ್ ಬಂದ ದಿನ ಅವನು ಪಾಸಾಗಿದ್ದ. ಪೇಢೆ ತಂದಿದ್ದವನು ಕೊಡುವುದನ್ನೇ ಮರೆತು ನಿಂತಿದ್ದ.

"ಈ ಸಲ ಪುಸ್ತಕದಾಗಿಂದಲ್ಲ. ನಾನ ಕೇಳಾಕತ್ತೇನಿ."

"ಏನು?"

"ನಿಮಗ ಗೊತ್ತೈತಿ."

"ಗೊತ್ತಿದ್ರೂ ಆಫರ್ ಸ್ಪಷ್ಟ ಇರಬೇಕು."

ಅವನು ಸ್ಪಷ್ಟವಾಗಿ ಕೇಳಿದ. ಧ್ವನಿ ನಡುಗಿತು, ಮಾತು ನಡುಗಲಿಲ್ಲ. ತಬಸ್ಸುಮ ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡು, "ಮೊದಲ ಈ 'ರೀ' ಅನ್ನೂದು ಬಿಡು," ಎಂದಳು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವನ ಮುಖದ ಮೇಲೆ ಮೂಡಿದ ಬೆಳಕನ್ನು ಅವಳು ಮತ್ಯಾರ ಮುಖದ ಮೇಲೂ ಕಂಡಿರಲಿಲ್ಲ.

ಅವಳು ಮನೆಯಲ್ಲಿ ಹೇಳಿದಳು. ಬಂದೇನವಾಜ ಬಹಳ ಹೊತ್ತು ಕನ್ನಡಕ ಒರೆಸಿಕೊಂಡು, "ಹಿರ್ಯಾರು ಬರಲಿ, ಕೂತು ಮಾತಾಡೋಣ," ಎಂದರು. ಕಾಖಂಡಕಿಯಿಂದ ಸಾದಿಕನೇ ಬರುವವನಿದ್ದ. "ಈದ್ ಮುಗೀಲಿ, ತಮ್ಮನ ಸಲುವಾಗಿ ನಾನ ಹೋಗಿ ಕೇಳ್ತೇನಿ," ಎಂದು ಮಾತು ಕೊಟ್ಟಿದ್ದ.

ಈದ್ ಬರುವ ಮೊದಲೇ ಟಿಕೋಟಾ ರಸ್ತೆಯಲ್ಲಿ ಅವನ ಟೆಂಪೋ ಉರುಳಿತು. ಆಸ್ಪತ್ರೆ ಮುಟ್ಟುವ ತನಕವೂ ಸಾದಿಕ ಉಳಿಯಲಿಲ್ಲ.

ಜಹೀರ ಕಾಲೇಜಿಗೆ ಬರುವುದನ್ನು ಬಿಟ್ಟ. ಫೋನಿನಲ್ಲಿ 'ಹೂಂ', 'ಇಲ್ಲ' ಎರಡೇ ಮಾತು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಸಕೀನಾಳಿಗೆ ಮುಗಿಯುತ್ತ ಬಂದಾಗ, ಅವನು ಒಂದು ಮಧ್ಯಾಹ್ನ ಬೇವಿನ ಕೆಳಗೆ ಬಂದು ನಿಂತ. ಸೊರಗಿದ್ದ. ಅಣ್ಣನ ಅಂಗಿ ತೊಟ್ಟಿದ್ದ.

"ಭಾಬಿ ಅಪ್ಪ ಬಂದಿದ್ದ," ಎಂದ. "ವಯಸ್ಸಿನ ಹೆಣ್ಣಮಗಳು ಮೈದುನನ ಮನ್ಯಾಗ ಇರೂದು ಚಂದಲ್ಲ, ಕರಕೊಂಡು ಹೋಗ್ತೇನಿ ಅಂತಾನ. ಸೊಲ್ಲಾಪುರದಾಗ ಒಬ್ಬಾಂವ ಅದಾನ, ಹೆಂಡ್ತಿ ಸತ್ತಾಂವ. ಮಕ್ಕಳು ಬ್ಯಾಡಂತ ಅವನಿಗೆ. ಭಾಬಿ ಅಲ್ಲಿ ಹೋದ್ರ ಆಕಿ ಮಕ್ಕಳು, ಸುರೈಯಾ, ಸಣ್ಣದು, ಎರಡೂ ಇಲ್ಲೇ ಉಳೀತಾವ."

ತಬಸ್ಸುಮಳಿಗೆ ಮುಂದಿನ ಮಾತು ಕೇಳುವ ಮೊದಲೇ ತಿಳಿಯಿತು. ತಿಳಿದರೂ ಕೇಳಿದಳು: "ಅದಕ್ಕ?"

"ಭಾಬಿನ್ನ ನಾ ನಿಕಾ ಆಗ್ತೇನಿ ಅಂದೇನಿ."

"ಯಾರು ಒತ್ತಾಯ ಮಾಡ್ಯಾರ? ನಿಮ್ಮಮ್ಮೀನ?"

"ಅಮ್ಮಿ ಬಾಯಿ ತಗದಿಲ್ಲ."

"ಆದ್ರೂ ಅದು ಅನ್‌ಡ್ಯೂ ಇನ್‌ಫ್ಲುಯೆನ್ಸ್, ಜಹೀರ. ಮನಿತನದ ಭಾರ ತಲಿ ಮ್ಯಾಲ ಹಾಕಿ ಒಪ್ಪಿಸೂದು. ಅದು ಮುಕ್ತ ಸಮ್ಮತಿ ಅಲ್ಲ. ನೀ ಬ್ಯಾಡ ಅನಬಹುದು. ನಾವಿಬ್ರು ಲಗ್ನ ಆಗಿ ಭಾಬಿನ್ನೂ ನೋಡಿಕೊಳ್ಳೋಣು."

"ಆಕಿ ಅಪ್ಪ ಬಿಡಾಂಗಿಲ್ಲ. ನಾ ಕೇಳೇನಿ, ಕೈ ಮುಗದು ಕೇಳೇನಿ." ಅವನು ಅವಳ ಕೈಲಿದ್ದ ಪುಸ್ತಕದ ಕಡೆ ನೋಡಿದ. "ಸುರೈಯಾ ರಾತ್ರಿ ನನ್ನ ಅಂಗಿ ಹಿಡಕೊಂಡು ಮಲಗ್ತಾಳ, ತಬಸ್ಸುಮ. ಬಿಡಿಸಿದ್ರ ಎಚ್ಚರಾಗ್ತಾಳ. ಅದು ಯಾವ ಚಾಪ್ಟರಿನಾಗ ಬರತೈತಿ?"

ಅವಳು ಪುಸ್ತಕ ಮುಚ್ಚಿ ಚೀಲದೊಳಗಿಟ್ಟಳು.

"ನಿನಗ ಮೊದಲ ಮಾತು ಕೊಟ್ಟೇನಿ. ನೀ ಬಿಡಲಿಲ್ಲಂದ್ರ ನಾ ಮುರಿಯಾಂಗಿಲ್ಲ," ಎಂದ.

"ಬಿಡಾಂಗಿಲ್ಲ," ಎಂದಳು ತಬಸ್ಸುಮ. ತಿರುಗಿ ನೋಡದೆ ಹೊರಟಳು.

ಒಂದು ವಾರದ ಮೇಲೆ, ಸಕೀನಾಳನ್ನು ಮಾತಾಡಿಸಿ ಬರುತ್ತೇನೆಂದು ಅಬ್ಬಾನಿಗೆ ಹೇಳಿ, ಒಬ್ಬಳೇ ಕಾಖಂಡಕಿಯ ಬಸ್ಸು ಹತ್ತಿದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡಳು. ನಿಕಾದಲ್ಲಿ ಹೆಣ್ಣನ್ನೂ ಕೇಳುತ್ತಾರೆ, ಅವಳು ಒಲ್ಲೆ ಎಂದರೆ ನಿಕಾ ಇಲ್ಲ. ನೀವು ಒಲ್ಲೆ ಅನ್ನಿರಿ, ಭಾಬಿ.

ಸಕೀನಾ ಒಳಮನೆಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಸಣ್ಣ ಕೂಸು, ಬೆನ್ನಿಗೆ ಅಂಟಿಕೊಂಡು ಸುರೈಯಾ. ತಬಸ್ಸುಮಳನ್ನು ಕಂಡವಳೇ ಗುರುತು ಹಿಡಿದಳು.

"ಎರಡು ರೊಟ್ಟಿ ನಿನ್ನ ಸಲುವಾಗಿ ಹಾಕ್ತಿದ್ದೆ," ಎಂದಳು. "ಅವ ಹೈಸ್ಕೂಲಿಗೆ ಹೋಗೂ ಮುಂದ ನಾ ಈ ಮನಿಗೆ ಬಂದಾಕಿ. ಅವನ ಮುಖದ ಮ್ಯಾಲ ಏನ ಬಂದ್ರೂ ನನಗ ತಿಳೀತೈತಿ ಬೇ."

ಕಟ್ಟಿಕೊಂಡು ಬಂದ ಮಾತನ್ನು ಬಿಟ್ಟು ತಬಸ್ಸುಮ ಬೇರೆಯದನ್ನೇ ಕೇಳಿದಳು: "ನಿಮ್ಮನ್ನ ಯಾರಾದ್ರೂ ಕೇಳ್ಯಾರೇನು, ಭಾಬಿ? ನಿಮಗ ಮನಸೈತೋ ಇಲ್ಲೋ ಅಂತ?"

ಸಕೀನಾ ಅವಳನ್ನು ವಿಚಿತ್ರವಾಗಿ ನೋಡಿದಳು. "ಇಲ್ಲ. ಅಪ್ಪ ಸೊಲ್ಲಾಪುರ ಅಂದ. ಇವ ನಿಕಾ ಅಂದ. ನನ್ನ ಯಾರೂ ಕೇಳಿಲ್ಲ." ಕೂಸಿನ ತಲೆ ಸವರುತ್ತ ಮೆಲ್ಲನೆ ಮುಂದುವರಿಸಿದಳು. "ನೀ ಹೇಳು. ನಿನ್ನ ಬಾಯಿಂದ ಒಂದ ಮಾತು ಬಂದ್ರ ಸಾಕು, ನಾ ಒಲ್ಲೆ ಅಂತೇನಿ. ಸೊಲ್ಲಾಪುರಕ್ಕ ಹೋಗ್ತೇನಿ. ನಿನ್ನ ಬಾಳು ಕಸಗೊಂಡು ನಾ ಇಲ್ಲಿ ಕುಂಡ್ರಾಂಗಿಲ್ಲ."

ಅದು ಬಾಯಿಮಾತಲ್ಲ. ಅವಳು ನಿಜಕ್ಕೂ ಹೋಗುವವಳೇ. ಸುರೈಯಾ ತಾಯಿಯ ಹೆಗಲ ಮೇಲಿಂದ ಇಣುಕಿ, ಹೊಸಬಳ ಬಳೆಗಳನ್ನು ನೋಡುತ್ತಿದ್ದಳು.

ಆ ಮನೆಯಲ್ಲಿ ಆಗ ಒಂದು ಮಾತು ಆಡಿದ್ದರೆ ತಬಸ್ಸುಮಳ ಜೀವನ ಅವಳದಾಗುತ್ತಿತ್ತು. ಆದರೆ ತಾಯಿ ಇಲ್ಲದ ಮನೆಯಲ್ಲಿ ಬೆಳೆದವಳಿಗೆ ಅಂಥ ಮನೆ ಹೇಗಿರುತ್ತದೆಂದು ಗೊತ್ತಿತ್ತು.

"ಮಕ್ಕಳನ್ನ ಬಿಟ್ಟು ಎಲ್ಲಿಗೂ ಹೋಗಬ್ಯಾಡ್ರಿ, ಭಾಬಿ," ಎಂದಳು. ಸಕೀನಾ ಅವಳನ್ನು ಎಳೆದು ಎದೆಗೆ ಅಪ್ಪಿಕೊಂಡಳು.

ಬಬಲೇಶ್ವರದಲ್ಲಿ ಬಸ್ಸು ಬದಲಿಸಲು ಇಳಿದಾಗ ಜಹೀರ ಅಲ್ಲಿ ನಿಂತಿದ್ದ. ಯಾರೋ ಹೇಳಿರಬೇಕು. ಬೈಕಿನ ಧೂಳು ಇನ್ನೂ ಅವನ ಕೂದಲಲ್ಲಿತ್ತು.

"ನೀ ನನಗ ಕೊಟ್ಟ ಮಾತಿನಿಂದ ನಿನ್ನ ಬಿಟ್ಟೇನಿ," ಎಂದಳು ತಬಸ್ಸುಮ.

ಅವನು ತುಟಿ ಕಚ್ಚಿಕೊಂಡು ನೆಲ ನೋಡಿದ.

"ಒಂದು ಕೇಳ್ತೇನಿ. ಖಾಜಿ ಸಾಹೇಬ್ರು ಕೇಳೂಕಿಂತ ಮೊದಲ ನೀನ ಹೋಗಿ ಭಾಬಿನ ಕೇಳು. ಅಮ್ಮಿ ಮುಂದಲ್ಲ, ಆಕಿ ಅಪ್ಪನ ಮುಂದಲ್ಲ. ಒಲ್ಲೆ ಅಂದ್ರ ಆಕಿಗೂ ಮಕ್ಕಳಿಗೂ ಬ್ಯಾರೆ ದಾರಿ ಹುಡಕು, ಬಲವಂತ ಮಾಡಬ್ಯಾಡ."

"ಕೇಳ್ತೇನಿ. ತಬಸ್ಸುಮ, ನಿನಗ ನಾ ಏನೂ ಕೊಡಲಿಲ್ಲ," ಎಂದ.

"ಸುಮ್ಮನಿರು," ಎಂದಳು. ಅವನ ಅಂಗಿಯ ಕಾಲರು ಮಡಚಿಕೊಂಡಿತ್ತು. ಸರಿಮಾಡಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿ, ಬಸ್ಸು ಹತ್ತಿದಳು. ಅವನು ಕಿಟಕಿಯ ಸರಳು ಹಿಡಿದು ನಿಂತ. ಬಸ್ಸು ಹೊರಟಾಗ ನಾಲ್ಕು ಹೆಜ್ಜೆ ಜೊತೆಗೆ ನಡೆದ, ಆಮೇಲೆ ಕೈ ಬಿಟ್ಟ.

ಮುಂದಿನ ಭಾನುವಾರ ಮಧ್ಯಾಹ್ನ ಹೊಸ ನಂಬರಿನಿಂದ ಫೋನು ಬಂತು. ಸಕೀನಾಳ ಧ್ವನಿ.

"ಕೇಳಿದ ಬೇ. ಹೊಸ್ತಿಲ ಹೊರಗ ನಿಂತು ಕೇಳಿದ. ಸಾದಿಕ ಹೋದ ಮ್ಯಾಲ ನಾ ಅತ್ತಿರಲಿಲ್ಲ, ಅವತ್ತ ಅತ್ತೆ." ಆಮೇಲೆ ಧ್ವನಿ ತಗ್ಗಿಸಿ, "ಹೂಂ ಅಂದೆ," ಎಂದಳು. "ನಿನಗ ಮೊದಲ ತಿಳೀಬೇಕು ಅಂತ ಫೋನ್ ಮಾಡಿದೆ."

"ಚಲೋ ಆತು, ಭಾಬಿ," ಎಂದಳು ತಬಸ್ಸುಮ. ಧ್ವನಿ ನೆಟ್ಟಗಿತ್ತು. ಸುರೈಯಾ ಹೇಗಿದ್ದಾಳೆಂದು ಕೇಳಿದಳು, ಕೂಸು ಹೇಗಿದೆಯೆಂದು ಕೇಳಿದಳು, ಫೋನಿಟ್ಟಳು.

ಅಡುಗೆಮನೆಯಲ್ಲಿ ಬಂದೇನವಾಜ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. "ಯಾರದವ್ವಾ ಫೋನು?"

"ಕಾಖಂಡಕಿದು, ಅಬ್ಬಾ." ಅವಳು ಪಕ್ಕದಲ್ಲಿ ಕೂತು ಒಂದು ಕಟ್ಟು ಬಿಚ್ಚಿಕೊಂಡಳು. ಎರಡು ಎಲೆ ಬಿಡಿಸಿದಳೋ ಇಲ್ಲವೋ, ಕೈ ನಿಂತಿತು. ಬಂದೇನವಾಜ ಸೊಪ್ಪಿನ ಬುಟ್ಟಿಯನ್ನು ಅತ್ತ ಸರಿಸಿ, ಮಗಳ ತಲೆಗೆ ತಮ್ಮ ಭುಜವನ್ನು ಕೊಟ್ಟರು.